ಒಳಬಾಡಿಗೆಗೆ ಮೂರು ಸಹಿ ಬೇಕು

ಮಾಲೀಕರಿಗೆ ತಿಳಿಸದೆ, ಕಾಗದದಲ್ಲಿ ಬರೆಯದೆ ಫ್ಲಾಟನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವರೂ ಹಾಗೆ ಬಂದು ಸೇರಿಕೊಳ್ಳುವವರೂ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನಲ್ಲಿ ಇದು ದಿನವೂ ನಡೆಯುವ ಸಂಗತಿ. ಕಂಪನಿಯವರು ಆರು ತಿಂಗಳ ಮಟ್ಟಿಗೆ ಆನ್‌ಸೈಟ್ ಕಳಿಸುತ್ತಾರೆ. ಈಗಿರುವ ಫ್ಲಾಟ್ ಖಾಲಿ ಮಾಡಿದರೆ ವಾಪಸ್ ಬಂದಾಗ ಅದೇ ಬಾಡಿಗೆಗೆ ಇನ್ನೊಂದು ಸಿಗುವುದಿಲ್ಲ. ಬೀಗ ಹಾಕಿಟ್ಟರೆ ತಿಂಗಳು ತಿಂಗಳು ಬಾಡಿಗೆ ದಂಡ. ಅಷ್ಟರಲ್ಲಿ ಸ್ನೇಹಿತರ ಕಡೆಯವರೊಬ್ಬರು ಮನೆ ಹುಡುಕುತ್ತಿರುವುದು ಗೊತ್ತಾಗುತ್ತದೆ. "ಆರು ತಿಂಗಳಿಗೆಲ್ಲ ಅಗ್ರಿಮೆಂಟ್ ಯಾಕೆ? ಓನರ್‌ಗೆ ಹೇಳೋದೂ ಬೇಡ, ಸುಮ್ಮನೆ ಬಾಡಿಗೆ ಜಾಸ್ತಿ ಮಾಡ್ತಾರೆ. ನನ್ನ ಅಕೌಂಟಿಗೆ ಹಾಕ್ತಾ ಬನ್ನಿ, ನಾನು ಅವರಿಗೆ ಕಟ್ತೀನಿ" ಎಂದು ಮಾತಾಗುತ್ತದೆ. ಅಡ್ವಾನ್ಸ್ ಫೋನಿನಲ್ಲೇ ಬರುತ್ತದೆ, ಬೀಗದ ಕೈ ಕೈ ಬದಲಾಗುತ್ತದೆ.

ಮಾತನಾಡಿಕೊಂಡ ಇಬ್ಬರೂ ಒಳ್ಳೆಯವರೇ ಇರಬಹುದು. ಆದರೂ ಈ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕೊರತೆಯಿದೆ: ಯಾರ ಮನೆಯ ಬಗ್ಗೆ ಮಾತಾಯಿತೋ ಅವರೇ ಮಾತಿನಲ್ಲಿಲ್ಲ. ಒಳಬಾಡಿಗೆ ಎಂದರೆ ಮೂವರ ನಡುವಿನ ವ್ಯವಹಾರ. ಮೂವರಲ್ಲಿ ಒಬ್ಬರ ಸಹಿ ತಪ್ಪಿದರೂ ಉಳಿದಿಬ್ಬರ ನಡುವಿನ ನಂಬಿಕೆ ಎಷ್ಟೇ ಗಟ್ಟಿಯಾಗಿದ್ದರೂ ಕಷ್ಟಕಾಲದಲ್ಲಿ ಕೈಹಿಡಿಯುವುದಿಲ್ಲ. ಯಾರಿಗೆ ಯಾವ ಅಪಾಯ, ಕಾನೂನು ಏನು ಹೇಳುತ್ತದೆ, ಕಾಗದ ಮಾಡಿಸುವುದು ಹೇಗೆ, ಈಗಾಗಲೇ ಬಾಯಿಮಾತಿನಲ್ಲಿ ಇದ್ದರೆ ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೂವರ ಸಂಬಂಧ

ಮಾಲೀಕರಿಂದ ನೇರವಾಗಿ ಮನೆ ಪಡೆದವರನ್ನು ಇಲ್ಲಿ ಮೂಲ ಬಾಡಿಗೆದಾರ ಎನ್ನೋಣ. ಅವರಿಂದ ಪಡೆದು ಒಳಗೆ ವಾಸಕ್ಕೆ ಬಂದವರು ಒಳಬಾಡಿಗೆದಾರ. ಮಾಲೀಕರಿಗೂ ಮೂಲ ಬಾಡಿಗೆದಾರರಿಗೂ ಒಂದು ಕರಾರು. ಮೂಲ ಬಾಡಿಗೆದಾರರಿಗೂ ಒಳಬಾಡಿಗೆದಾರರಿಗೂ ಇನ್ನೊಂದು. ಮಾಲೀಕರಿಗೂ ಒಳಬಾಡಿಗೆದಾರರಿಗೂ ನಡುವೆ ಯಾವ ಕರಾರೂ ಇಲ್ಲ.

ಅಪಾಯಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಒಳಬಾಡಿಗೆದಾರರು ಅಡ್ವಾನ್ಸ್ ಕೊಟ್ಟದ್ದು ಮೂಲ ಬಾಡಿಗೆದಾರರಿಗೆ. ಅದನ್ನು ಮಾಲೀಕರಲ್ಲಿ ಕೇಳಲು ಹಕ್ಕಿಲ್ಲ. ಬಚ್ಚಲ ಕಿಟಕಿ ಒಡೆದದ್ದು ಒಳಬಾಡಿಗೆದಾರರ ಕಾಲದಲ್ಲಿ. ಆದರೂ ಮಾಲೀಕರು ದುಡ್ಡು ಮುರಿದುಕೊಳ್ಳುವುದು ಮೂಲ ಬಾಡಿಗೆದಾರರ ಅಡ್ವಾನ್ಸಿನಿಂದ.

ಕಾನೂನು ಏನು ಹೇಳುತ್ತದೆ

ಕರ್ನಾಟಕದಲ್ಲಿ 1999ರ ಬಾಡಿಗೆ ಕಾಯ್ದೆ ಇದೆ. ಅದು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆಯನ್ನು ಮನೆ ಖಾಲಿ ಮಾಡಿಸಲು ಒಂದು ಕಾರಣವೆಂದೇ ಪರಿಗಣಿಸುತ್ತದೆ. ಆದರೆ ಆ ಕಾಯ್ದೆ ಅನ್ವಯಿಸಲು ಇಟ್ಟ ಮಿತಿ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಬಾಡಿಗೆ. ಇಂದಿನ ಅಪಾರ್ಟ್‌ಮೆಂಟ್‌ಗಳ ಬಾಡಿಗೆ ಆ ಮಿತಿಯನ್ನು ಎಂದೋ ದಾಟಿದೆ. ಹೀಗಾಗಿ ಬಹುಪಾಲು ಫ್ಲಾಟ್‌ಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರಲ್ಲಿ ನಾಲ್ಕು ಸಂಗತಿಗಳನ್ನು ಬಾಡಿಗೆಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು.

ಒಂದು: ಕರಾರಿನಲ್ಲಿ ಬೇಡವೆಂದು ಬರೆದಿಲ್ಲದಿದ್ದರೆ ಬಾಡಿಗೆದಾರರು ಒಳಬಾಡಿಗೆಗೆ ಕೊಡಬಹುದು ಎಂದು 108ನೇ ಕಲಂ ಹೇಳುತ್ತದೆ. ಇದನ್ನು ಓದಿ ಸಮಾಧಾನಪಡುವ ಮೊದಲು ನಿಮ್ಮ ಬಾಡಿಗೆ ಕರಾರನ್ನು ತೆಗೆದು ನೋಡಿ. ಒಳಬಾಡಿಗೆಗೆ ಕೊಡಕೂಡದು ಎಂಬ ಸಾಲು ನಮ್ಮ ಊರಿನ ಸಿದ್ಧ ನಮೂನೆಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓದದೆ ಸಹಿ ಹಾಕಿದ್ದರೂ ಅದು ನಿಮ್ಮನ್ನು ಕಟ್ಟಿಹಾಕುತ್ತದೆ.

ಎರಡು: ಒಳಬಾಡಿಗೆಗೆ ಕೊಟ್ಟ ಮಾತ್ರಕ್ಕೆ ಮೂಲ ಬಾಡಿಗೆದಾರರ ಹೊಣೆ ಮುಗಿಯುವುದಿಲ್ಲ ಎಂದು ಅದೇ ಕಲಂ ಸ್ಪಷ್ಟಪಡಿಸುತ್ತದೆ. ಒಳಗಿರುವವರು ಕಟ್ಟಲಿ ಬಿಡಲಿ, ಮಾಲೀಕರಿಗೆ ಬಾಡಿಗೆ ಕೊಡಬೇಕಾದವರು ನೀವೇ.

ಮೂರು: ವಾಸದ ಮನೆಗೆ ಬೇರೆ ಅವಧಿಯ ಕರಾರು ಇಲ್ಲದಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು 106ನೇ ಕಲಂ ಭಾವಿಸುತ್ತದೆ, 15 ದಿನಗಳ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. "ಆರು ತಿಂಗಳು ಇರಿ" ಎಂದು ಬಾಯಲ್ಲಿ ಹೇಳಿದ್ದನ್ನು ಸಾಬೀತು ಮಾಡಲಾಗದಿದ್ದರೆ ಒಳಬಾಡಿಗೆದಾರರ ಕೈಯಲ್ಲಿ ಉಳಿಯುವುದು ಆ 15 ದಿನ ಮಾತ್ರ.

ನಾಲ್ಕು: ಕರಾರಿನ ಷರತ್ತು ಮುರಿದರೆ ಬಾಡಿಗೆಯನ್ನು ರದ್ದು ಮಾಡುವ ಮೊದಲು, ತಪ್ಪನ್ನು ಸರಿಪಡಿಸಿಕೊಳ್ಳಲು ಬಾಡಿಗೆದಾರರಿಗೆ ನೋಟಿಸ್ ಕೊಟ್ಟು ಅವಕಾಶ ನೀಡಬೇಕೆಂದು 114ಎ ಕಲಂ ಹೇಳುತ್ತದೆ. ಆದರೆ ಒಳಬಾಡಿಗೆಗೆ ಕೊಡಕೂಡದು ಎಂಬ ಷರತ್ತಿಗೆ ಈ ರಿಯಾಯಿತಿ ಇಲ್ಲ ಎಂದು ಅದೇ ಕಲಂ ಬಿಡಿಸಿ ಹೇಳಿದೆ. ಈ ಒಂದು ತಪ್ಪಿಗೆ ಎರಡನೇ ಅವಕಾಶ ಕೊಡಬೇಕಾದ ಕಟ್ಟು ಮಾಲೀಕರಿಗಿಲ್ಲ.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಿಕೊಳ್ಳಬೇಕು. ಬಾಯಿಮಾತಿನ ಬಾಡಿಗೆ ಅಂದರೆ ಕಾನೂನಿನಲ್ಲಿ ಶೂನ್ಯ ಎಂದೇನಲ್ಲ. ಒಂದು ವರ್ಷ ಮೀರದ ಬಾಡಿಗೆಯನ್ನು ಬಾಯಿಮಾತಿನಲ್ಲಿ ಒಪ್ಪಿ, ಮನೆಯನ್ನು ಸ್ವಾಧೀನಕ್ಕೆ ಕೊಟ್ಟರೂ ಅದು ಬಾಡಿಗೆಯೇ. ಮಾತು ನಡೆದದ್ದೇನೋ ನಿಜ, ಆದರೆ ಯಾವ ಮಾತು ನಡೆಯಿತು ಎಂಬುದಕ್ಕೆ ಆಧಾರ ಇರುವುದಿಲ್ಲ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಪೇಂಟಿಂಗ್‌ಗೆ ಮುರಿದುಕೊಳ್ಳುವುದೆಷ್ಟು, ಎಂದು ಖಾಲಿ ಮಾಡಬೇಕು ಎಂಬ ಪ್ರತಿ ಪ್ರಶ್ನೆಗೂ ಎರಡೆರಡು ಉತ್ತರ ಹುಟ್ಟಿಕೊಳ್ಳುತ್ತವೆ.

ಒಳಗೆ ಬಂದವರಿಗೆ ಇರುವ ಅಪಾಯ

ಮೂವರಲ್ಲಿ ಹೆಚ್ಚು ನಿರಾಧಾರರು ಒಳಬಾಡಿಗೆದಾರರೇ. ಮೊದಲ ಭಯ ಅಡ್ವಾನ್ಸಿನದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ಹಳೆಯ ರೂಢಿ ಇತ್ತೀಚೆಗೆ ಸಡಿಲವಾಗಿದೆಯಾದರೂ ಪೂರ್ತಿ ಹೋಗಿಲ್ಲ. ಉದಾಹರಣೆಗೆ, 30,000 ರೂಪಾಯಿ ಬಾಡಿಗೆಯ ಮನೆಗೆ ಐದು ತಿಂಗಳ ಅಡ್ವಾನ್ಸ್ ಎಂದರೆ ಒಂದೂವರೆ ಲಕ್ಷ. ಆ ದುಡ್ಡು ಪಡೆದವರು ಬೇರೆ ದೇಶದಲ್ಲಿದ್ದು ಫೋನ್ ಎತ್ತದಿದ್ದರೆ, ನಿಮ್ಮ ಬಳಿ ಇರುವುದು ಹಣ ಹೋದದ್ದರ ದಾಖಲೆ ಮಾತ್ರ. ಅದು ಅಡ್ವಾನ್ಸೋ, ಕೈಸಾಲ ತೀರಿಸಿದ್ದೋ, ಸೋಫಾ ಕೊಂಡದ್ದೋ ಎಂದು ಬ್ಯಾಂಕಿನ ಸ್ಟೇಟ್‌ಮೆಂಟ್ ಹೇಳುವುದಿಲ್ಲ.

ಎರಡನೆಯದು, ನೀವು ಕೊಟ್ಟ ಬಾಡಿಗೆ ಮಾಲೀಕರಿಗೆ ತಲುಪುತ್ತಿದೆಯೇ ಎಂಬುದು. ಪ್ರತಿ ತಿಂಗಳೂ ತಪ್ಪದೆ ಕಟ್ಟಿಯೂ, ನಡುವಿನವರು ಬಾಕಿ ಉಳಿಸಿಕೊಂಡದ್ದಕ್ಕೆ ಮಾಲೀಕರು ಬಾಗಿಲಿಗೆ ಬರಬಹುದು. ಮಾಲೀಕರು ಮೂಲ ಬಾಡಿಗೆದಾರರ ಮೇಲೆ ದಾವೆ ಹೂಡಿ ಆದೇಶ ಪಡೆದರೆ ಅದು ಒಳಬಾಡಿಗೆದಾರರಿಗೂ ಅನ್ವಯಿಸುತ್ತದೆ. ಅವರನ್ನು ದಾವೆಯಲ್ಲಿ ಸೇರಿಸಲೇಬೇಕೆಂದಿಲ್ಲ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1964ರಷ್ಟು ಹಿಂದೆಯೇ ಒಪ್ಪಿದೆ. ನಿಮಗೆ ಗೊತ್ತೇ ಇರದ ಮೊಕದ್ದಮೆಯಲ್ಲಿ ನಿಮ್ಮ ವಾಸ ತೀರ್ಮಾನವಾಗಿಬಿಡಬಹುದು.

ಮೂರನೆಯದು, ದಿನನಿತ್ಯದ ತೊಡಕುಗಳು. ಆಧಾರ್ ವಿಳಾಸ ಬದಲಾವಣೆ, ಗ್ಯಾಸ್ ಸಂಪರ್ಕ, ಬ್ಯಾಂಕ್ ಖಾತೆ ಎಲ್ಲಕ್ಕೂ ವಿಳಾಸದ ಪುರಾವೆಯಾಗಿ ಬಾಡಿಗೆ ಕರಾರು ಬೇಕಾಗುತ್ತದೆ. ಸಂಬಳದಲ್ಲಿ ಎಚ್‌ಆರ್‌ಎ ವಿನಾಯಿತಿ ಪಡೆಯಲು ಕಂಪನಿಗೆ ಬಾಡಿಗೆ ರಸೀದಿ ಕೊಡಬೇಕು. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಬಾಡಿಗೆ ಪಡೆಯುವವರ ಪ್ಯಾನ್ ಕೂಡ. ಗುಟ್ಟಾಗಿ ಮನೆ ಬಿಟ್ಟುಕೊಟ್ಟವರು ಪ್ಯಾನ್ ಕೊಡಲು ಹಿಂಜರಿಯುತ್ತಾರೆ. ಗೃಹಜ್ಯೋತಿಯ ಸೌಲಭ್ಯ ಬೇಕಾದರೆ ವಿದ್ಯುತ್ ಸಂಪರ್ಕಕ್ಕೆ ನಿಮ್ಮ ಆಧಾರ್ ಜೋಡಿಸಬೇಕು; ಹಿಂದಿನವರು ತಮ್ಮದನ್ನು ಡಿ-ಲಿಂಕ್ ಮಾಡದೆ ಹೋಗಿದ್ದರೆ ಅದೂ ಆಗುವುದಿಲ್ಲ. ಇನ್ನು ಅಪಾರ್ಟ್‌ಮೆಂಟ್ ಸಂಘ. ಹೊಸಬರ ಸಾಮಾನು ಗೇಟಿನೊಳಗೆ ಬರಲು ಮಾಲೀಕರ ಪತ್ರ ಬೇಕೆಂಬ ನಿಯಮ ಈಗ ಹಲವು ಕಡೆ ಇದೆ. ಲಾರಿ ಗೇಟಿನ ಮುಂದೆ ನಿಂತ ಮೇಲೆ ಮಾಲೀಕರಿಗೆ ಫೋನ್ ಹೋಗಿ, ಗುಟ್ಟು ಆಗಲೇ ಬಯಲಾಗುತ್ತದೆ.

ಮನೆ ಬಿಟ್ಟುಕೊಟ್ಟವರಿಗೆ ಇರುವ ಅಪಾಯ

ಮೂಲ ಬಾಡಿಗೆದಾರರು ತಾವು ಸುರಕ್ಷಿತ ಎಂದುಕೊಂಡಿರುತ್ತಾರೆ. ನಿಜದಲ್ಲಿ ಅವರು ಎರಡೂ ಕಡೆಯಿಂದ ಸಿಕ್ಕಿಹಾಕಿಕೊಂಡಿದ್ದಾರೆ. ಒಳಗಿರುವವರು ಬಾಡಿಗೆ ನಿಲ್ಲಿಸಿದರೆ ಮಾಲೀಕರಿಗೆ ತಾವು ಕಟ್ಟಬೇಕು. ಅವರು ಹೊರಡಲು ಒಪ್ಪದಿದ್ದರೆ ಪೊಲೀಸ್ ಠಾಣೆಯಲ್ಲಿ "ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ" ಎನ್ನುತ್ತಾರೆ. ಕೋರ್ಟಿಗೆ ಹೋದರೆ ತಾವೇ ಮೂಲ ಕರಾರು ಮುರಿದ ಸಂಗತಿ ಮೊದಲ ದಿನವೇ ಹೊರಬರುತ್ತದೆ.

ಬೀಗ ಬದಲಿಸುವುದು, ವಿದ್ಯುತ್ ಫ್ಯೂಸ್ ತೆಗೆಯುವುದು, ಸಾಮಾನು ಹೊರಗಿಡುವುದು ಇವೆಲ್ಲ ಕೋಪದಲ್ಲಿ ಸುಲಭವಾಗಿ ಕಾಣುವ ದಾರಿಗಳು. ಅವು ದಾರಿಯೇ ಅಲ್ಲ. ಕಾನೂನಿನ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಸ್ವಾಧೀನ ಕಳೆದುಕೊಂಡವರು ಆರು ತಿಂಗಳೊಳಗೆ ದಾವೆ ಹೂಡಿ ಅದನ್ನು ಮರಳಿ ಕೇಳಬಹುದು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಆ ದಾವೆಯಲ್ಲಿ ಮನೆ ಯಾರದು ಎಂಬ ಪ್ರಶ್ನೆಯನ್ನೇ ಕೋರ್ಟು ಎತ್ತಿಕೊಳ್ಳುವುದಿಲ್ಲ.

ತೆರಿಗೆಯ ಲೆಕ್ಕವೂ ಇದೆ. ಒಳಬಾಡಿಗೆಯಿಂದ ಬಂದ ಹಣ ಆದಾಯವೇ. ನೀವು ಮಾಲೀಕರಲ್ಲದ ಕಾರಣ ಅದು ಮನೆ ಆಸ್ತಿಯ ಆದಾಯವಲ್ಲ, ಇತರ ಮೂಲಗಳ ಆದಾಯ. ತಾನು ವಾಸವಿಲ್ಲದ ತಿಂಗಳುಗಳಲ್ಲಿ ಅದೇ ಮನೆಗೆ ಎಚ್‌ಆರ್‌ಎ ವಿನಾಯಿತಿ ಕೇಳುವಂತಿಲ್ಲ. ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಕೊಡುವವರು ಟಿಡಿಎಸ್ ಹಿಡಿಯಬೇಕು. 2024ರ ಅಕ್ಟೋಬರ್‌ನಿಂದ ಅದರ ದರ ಶೇ 2.

ಮಾಲೀಕರಿಗೆ ಇರುವ ಅಪಾಯ

ತನ್ನ ಮನೆಯಲ್ಲಿ ಯಾರಿದ್ದಾರೆಂದು ಮಾಲೀಕರಿಗೇ ಗೊತ್ತಿಲ್ಲದಿರುವುದು ಸಣ್ಣ ಸಂಗತಿಯಲ್ಲ. ಏನಾದರೂ ಅಪರಾಧ ನಡೆದರೆ ಪೊಲೀಸರು ಮೊದಲು ಕೇಳುವುದು ಅವರನ್ನೇ. ಒಳಗಿರುವವರು ವಿದೇಶಿ ಪ್ರಜೆಯಾಗಿದ್ದರಂತೂ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಕೊಡುವ ಹೊಣೆ ಇದೆ.

ಬೇರೊಬ್ಬರು ವಾಸವಿರುವುದು ಗೊತ್ತಾದ ಮೇಲೂ ಮಾಲೀಕರು ಸುಮ್ಮನಿದ್ದು, ಅವರಿಂದಲೇ ಬಾಡಿಗೆ ಪಡೆಯುತ್ತ ಹೋದರೆ ಮುಂದೆ "ಅವರ ಒಪ್ಪಿಗೆ ಇತ್ತು" ಎಂಬ ವಾದಕ್ಕೆ ಆಸ್ಪದವಾಗುತ್ತದೆ. ಹೀಗಾಗಿ ಒಪ್ಪಿಗೆಯಿದ್ದರೆ ಬರೆದುಕೊಡಿ, ಇಲ್ಲದಿದ್ದರೆ ಅದನ್ನೂ ಬರೆದೇ ತಿಳಿಸಿ. ಇನ್ನು, 12 ವರ್ಷ ಇದ್ದವರಿಗೆ ಮನೆ ಆಗಿಬಿಡುತ್ತದೆ ಎಂಬ ಭಯ ಅನೇಕ ಮಾಲೀಕರಿಗಿದೆ. ಬಾಡಿಗೆಗೆಂದು ಒಪ್ಪಿಗೆಯಿಂದ ಬಂದವರ ವಾಸ ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಮಾಲೀಕರಿಗೆ ನಿಜವಾದ ನಷ್ಟ ಕೋರ್ಟಿನಲ್ಲಿ ಕಳೆಯುವ ಕಾಲದ್ದು. ಸರಿಯಾದ ಕಾಗದವಿದ್ದರೆ ಆ ಕಾಲ ಕಡಿಮೆಯಾಗುತ್ತದೆ.

ಭೋಗ್ಯದ ಮನೆ: ಲಕ್ಷಗಳ ಪ್ರಶ್ನೆ

ಒಳಬಾಡಿಗೆಯ ಅಪಾಯ ಅತಿ ದೊಡ್ಡದಾಗುವುದು ಭೋಗ್ಯದಲ್ಲಿ. ಲೀಸಿಗೆ ಮನೆ ಎಂದು ಬೋರ್ಡು ಹಾಕುತ್ತಾರಲ್ಲ, ಆ ವ್ಯವಸ್ಥೆಯಲ್ಲಿ ತಿಂಗಳ ಬಾಡಿಗೆ ಇರುವುದಿಲ್ಲ. ಹಲವು ಲಕ್ಷ ರೂಪಾಯಿಯನ್ನು ಒಟ್ಟಿಗೆ ಕೊಟ್ಟು, ಅವಧಿ ಮುಗಿದಾಗ ಅಷ್ಟನ್ನೂ ವಾಪಸ್ ಪಡೆಯುವುದು ಪದ್ಧತಿ. ಇದನ್ನೇ ಬಂಡವಾಳ ಮಾಡಿಕೊಂಡು ನಡೆದ ಮೋಸದ ದೂರುಗಳು ಬೆಂಗಳೂರಿನಲ್ಲಿ ಮತ್ತೆ ಮತ್ತೆ ಬಂದಿವೆ. ಅವುಗಳ ರೀತಿ ಬಹುತೇಕ ಒಂದೇ. ಒಬ್ಬ ಮಧ್ಯವರ್ತಿ ಅಥವಾ ಸಂಸ್ಥೆ ಮಾಲೀಕರಿಂದ ಫ್ಲಾಟನ್ನು ತಿಂಗಳ ಬಾಡಿಗೆಗೆ ಪಡೆಯುತ್ತದೆ. ಅದೇ ಫ್ಲಾಟನ್ನು ಒಂದು ಕುಟುಂಬಕ್ಕೆ ಲಕ್ಷಗಟ್ಟಲೆ ಹಣ ಪಡೆದು ಭೋಗ್ಯಕ್ಕೆ ಕೊಡುತ್ತದೆ. ಕೆಲವು ತಿಂಗಳು ಆ ಹಣದಿಂದಲೇ ಮಾಲೀಕರಿಗೆ ಬಾಡಿಗೆ ಹೋಗುತ್ತದೆ. ಆಮೇಲೆ ನಿಲ್ಲುತ್ತದೆ, ಕಚೇರಿಗೆ ಬೀಗ ಬೀಳುತ್ತದೆ. ಬಾಡಿಗೆ ಬಾಕಿ ಎಂದು ಮಾಲೀಕರು ಬಂದಾಗ, ಜೀವಮಾನದ ಉಳಿತಾಯ ಕೊಟ್ಟು ಕೂತಿರುವ ಕುಟುಂಬದ ಕೈಯಲ್ಲಿ ಮಾಲೀಕರ ಸಹಿಯೇ ಇಲ್ಲದ ಕಾಗದವಿರುತ್ತದೆ.

ಹಣಕ್ಕೆ ಬದಲಾಗಿ ಮನೆಯ ಅನುಭೋಗ ಕೊಡುವ ವ್ಯವಹಾರ ಕಾನೂನಿನ ಕಣ್ಣಿನಲ್ಲಿ ಭೋಗ್ಯದ ಅಡಮಾನವೆನಿಸಬಹುದು. ಅಡಮಾನದ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಂದಣಿಯೂ ಆಗಬೇಕು. ಸಾದಾ ಕರಾರಿನ ಮೇಲೆ ಇಷ್ಟು ದೊಡ್ಡ ಮೊತ್ತ ಕೊಡಬೇಡಿ. ಭೋಗ್ಯಕ್ಕೆ ಹೋಗುವ ಮೊದಲು ಮೂರು ಕೆಲಸ ಮಾಡಿ. ಕಾವೇರಿ 2.0 ಜಾಲತಾಣದಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ, ತೆಗೆಸಿ ಮಾಲೀಕರು ಯಾರು, ಬ್ಯಾಂಕಿನ ಸಾಲ ಇದೆಯೇ ನೋಡಿ. ಮಾಲೀಕರನ್ನೇ ಮುಖಾಮುಖಿ ಅಥವಾ ವಿಡಿಯೊ ಕರೆಯಲ್ಲಿ ಮಾತನಾಡಿಸಿ. ಹಣ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಲಿ. ಮಧ್ಯವರ್ತಿ "ಪವರ್ ಆಫ್ ಅಟಾರ್ನಿ ಇದೆ" ಎಂದರೆ ಅದರ ಪ್ರತಿ ಪಡೆದು, ಭೋಗ್ಯಕ್ಕೆ ಕೊಡುವ ಅಧಿಕಾರ ಅದರಲ್ಲಿ ಬರೆದಿದೆಯೇ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂದು ವಕೀಲರಿಂದ ಪರೀಕ್ಷಿಸಿ.

ರೂಮ್‌ಮೇಟ್ ಸೇರಿಸಿಕೊಂಡರೆ?

ಎಲ್ಲ ಜೊತೆವಾಸವೂ ಒಳಬಾಡಿಗೆಯಲ್ಲ. ಮೂಲ ಬಾಡಿಗೆದಾರರು ತಾವೂ ಅದೇ ಮನೆಯಲ್ಲಿದ್ದು, ಇನ್ನೊಬ್ಬರೊಂದಿಗೆ ಖರ್ಚು ಹಂಚಿಕೊಂಡರೆ ಅದು ಬೇರೆ. ಮನೆಯ ಅಥವಾ ಅದರ ಒಂದು ಭಾಗದ ಪೂರ್ಣ ಸ್ವಾಧೀನ ಇನ್ನೊಬ್ಬರಿಗೆ ಹೋಗಿ, ಅದಕ್ಕೆ ಪ್ರತಿಯಾಗಿ ಹಣ ಬರುತ್ತಿದ್ದರೆ ಅದು ಒಳಬಾಡಿಗೆ ಎಂದು ಕೋರ್ಟುಗಳು ನೋಡುತ್ತವೆ. ಕಾಗದಕ್ಕೆ ಏನು ಹೆಸರಿಟ್ಟಿದ್ದೀರಿ ಎಂಬುದಕ್ಕಿಂತ ಅದರ ತಿರುಳು ಮುಖ್ಯವೆಂದು ಸುಪ್ರೀಂ ಕೋರ್ಟ್ 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲೇ ಹೇಳಿತು. ಲೀವ್ ಅಂಡ್ ಲೈಸೆನ್ಸ್, ಅಂದರೆ ಬರೀ ವಾಸದ ಅನುಮತಿ, ಎಂದು ಮೇಲೆ ಬರೆದ ಮಾತ್ರಕ್ಕೆ ಬಾಡಿಗೆ ಲೈಸೆನ್ಸ್ ಆಗುವುದಿಲ್ಲ.

ಆದರೂ ರೂಮ್‌ಮೇಟ್ ವಿಷಯದಲ್ಲಿ ಮಾಲೀಕರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಇಷ್ಟೇ ಜನ ಇರಬೇಕು ಎಂಬ ಷರತ್ತು ಕರಾರಿನಲ್ಲಿ ಇರಬಹುದು. ಇನ್ನೂ ಒಳ್ಳೆಯ ದಾರಿಯೆಂದರೆ, ವಾಸವಿರುವ ಎಲ್ಲರ ಹೆಸರನ್ನೂ ಮೂಲ ಕರಾರಿನಲ್ಲೇ ಬಾಡಿಗೆದಾರರಾಗಿ ಸೇರಿಸುವುದು. ಆಗ ಒಳಬಾಡಿಗೆಯ ಪ್ರಶ್ನೆಯೇ ಏಳುವುದಿಲ್ಲ.

ಕಾಗದ ಮಾಡಿಸುವುದು ಹೇಗೆ

ಮೊದಲು ಮಾಲೀಕರ ಒಪ್ಪಿಗೆ ಪತ್ರ, ಆಮೇಲೆ ಒಳಬಾಡಿಗೆಯ ಕರಾರು. ಈ ಕ್ರಮ ತಪ್ಪಬಾರದು. ಒಪ್ಪಿಗೆ ಪತ್ರ ದೊಡ್ಡದಾಗಬೇಕಿಲ್ಲ. ಹೀಗಿದ್ದರೆ ಸಾಕು:

"ಮೇಲೆ ವಿವರಿಸಿದ ಫ್ಲಾಟ್‌ನ ಮಾಲೀಕನಾದ/ಮಾಲಕಿಯಾದ ನಾನು, ನನ್ನ ಬಾಡಿಗೆದಾರರಾದ ______ ಅವರು ಈ ಫ್ಲಾಟನ್ನು ______ ದಿನಾಂಕದಿಂದ ______ ದಿನಾಂಕದವರೆಗೆ ______ ಅವರಿಗೆ ವಾಸಕ್ಕಾಗಿ ಮಾತ್ರ ಒಳಬಾಡಿಗೆಗೆ ಕೊಡಲು ಒಪ್ಪಿದ್ದೇನೆ. ಮೂಲ ಕರಾರಿನ ಎಲ್ಲ ಹೊಣೆಗಳೂ ನನ್ನ ಬಾಡಿಗೆದಾರರ ಮೇಲೆಯೇ ಮುಂದುವರಿಯುತ್ತವೆ. ಈ ಒಪ್ಪಿಗೆ ಮೇಲೆ ಹೇಳಿದ ವ್ಯಕ್ತಿಗೆ ಮತ್ತು ಅವಧಿಗೆ ಮಾತ್ರ ಅನ್ವಯಿಸುತ್ತದೆ."

ಕೆಳಗೆ ಮೂವರ ಸಹಿ, ದಿನಾಂಕ. ಮಾಲೀಕರು ಹೊರದೇಶದಲ್ಲಿದ್ದರೆ ಸಹಿ ಮಾಡಿದ ಪ್ರತಿಯನ್ನು ಅವರ ಸ್ವಂತ ಇಮೇಲ್‌ನಿಂದ ಕಳಿಸಲಿ. ಮೂಲಪ್ರತಿಯನ್ನು ಅಂಚೆಯಲ್ಲಿ ತರಿಸಿಕೊಳ್ಳಿ.

ಒಳಬಾಡಿಗೆ ಕರಾರಿನಲ್ಲಿ ಇರಲೇಬೇಕಾದವು:

1. ಮೂವರ ಪೂರ್ಣ ಹೆಸರು, ಕಾಯಂ ವಿಳಾಸ, ಮೂಲ ಕರಾರಿನ ದಿನಾಂಕ ಮತ್ತು ಅದು ಮುಗಿಯುವ ದಿನ. ಒಳಬಾಡಿಗೆಯ ಅವಧಿ ಮೂಲ ಕರಾರಿನ ಅವಧಿಯನ್ನು ಮೀರಬಾರದು. ಮೂಲ ಕರಾರಿನ ಪ್ರತಿಯನ್ನು ಇದಕ್ಕೆ ಲಗತ್ತಿಸಿ.

2. ಬಾಡಿಗೆ, ಮೇಂಟೆನೆನ್ಸ್, ನೀರು, ವಿದ್ಯುತ್ ಇವುಗಳಲ್ಲಿ ಯಾವುದನ್ನು ಯಾರು, ಯಾವ ತಾರೀಖಿನೊಳಗೆ, ಯಾವ ಖಾತೆಗೆ ಕಟ್ಟಬೇಕು. ಸಾಧ್ಯವಾದರೆ ಬಾಡಿಗೆ ನೇರವಾಗಿ ಮಾಲೀಕರ ಖಾತೆಗೆ ಹೋಗುವಂತೆ, ಮತ್ತು ಅದು ಮೂಲ ಬಾಡಿಗೆದಾರರ ಪರವಾಗಿ ಕಟ್ಟಿದ್ದು ಎಂದು ಬರೆಯಿರಿ. ನಡುವಿನ ಬಾಕಿಯ ಭಯ ಇದರಿಂದಲೇ ಹೋಗುತ್ತದೆ.

3. ಅಡ್ವಾನ್ಸ್ ಮೊತ್ತ, ಅದು ಯಾರ ಬಳಿ ಇರುತ್ತದೆ, ಖಾಲಿ ಮಾಡಿದ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗ್‌ಗೆ ಮತ್ತು ರಿಪೇರಿಗೆ ಹೆಚ್ಚೆಂದರೆ ಎಷ್ಟು ಮುರಿದುಕೊಳ್ಳಬಹುದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಸಾಕೆನ್ನುತ್ತದೆ. ಅದು ರಾಜ್ಯಗಳಿಗೆ ಮಾದರಿ ಮಾತ್ರ, ತಾನಾಗಿ ಕಡ್ಡಾಯವಲ್ಲ. ಚೌಕಾಸಿ ಮಾಡುವಾಗ ಎತ್ತಿ ತೋರಿಸಲು ಒಳ್ಳೆಯ ಆಧಾರ.

4. ನೋಟಿಸ್ ಅವಧಿ, ಎರಡೂ ಕಡೆಗೆ ಒಂದೇ ಸಮನಾಗಿ. ಮೂಲ ಬಾಡಿಗೆದಾರರು ಅವಧಿಗೆ ಮೊದಲೇ ವಾಪಸ್ ಬಂದರೆ ಏನು ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ಆನ್‌ಸೈಟ್ ಕೆಲಸ ಅರ್ಧಕ್ಕೇ ಮುಗಿಯುವುದು ಅಪರೂಪವಲ್ಲ.

5. ಮೂಲ ಕರಾರು ಅವಧಿಗೆ ಮೊದಲೇ ಕೊನೆಗೊಂಡರೆ ಅಡ್ವಾನ್ಸ್ ಪೂರ್ತಿ ಮರಳಿಸುವ ಹೊಣೆ ಮೂಲ ಬಾಡಿಗೆದಾರರದ್ದು ಎಂಬ ಸಾಲು. ಒಳಬಾಡಿಗೆದಾರರು ಇದನ್ನು ಬಿಡಬೇಡಿ.

6. ಮನೆಯಲ್ಲಿರುವ ಸಾಮಾನುಗಳ ಪಟ್ಟಿ: ಫ್ರಿಜ್, ವಾಷಿಂಗ್ ಮಷಿನ್, ಗೀಸರ್, ಮಂಚ, ಫ್ಯಾನ್‌ಗಳ ಸಂಖ್ಯೆ, ಈಗಾಗಲೇ ಇರುವ ಬಿರುಕು, ಕಲೆ. ಬೀಗದ ಕೈ ಕೊಡುವ ದಿನ ಎಲ್ಲ ಕೋಣೆಗಳ ವಿಡಿಯೊ ತೆಗೆದು ಮೂವರೂ ಇರುವ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ವಿದ್ಯುತ್ ಮೀಟರಿನ ರೀಡಿಂಗ್ ಅದರಲ್ಲೇ ಇರಲಿ.

ಇದನ್ನೆಲ್ಲ ಸರಿಯಾದ ಮೌಲ್ಯದ ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ. ಬಾಡಿಗೆ, ಅಡ್ವಾನ್ಸ್ ಮತ್ತು ಅವಧಿಯನ್ನು ನೋಡಿ ಮುದ್ರಾಂಕ ಶುಲ್ಕ ನಿರ್ಧಾರವಾಗುತ್ತದೆ. ಈಗಿನ ದರವನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಶುಲ್ಕ ಕಡಿಮೆ ಕಟ್ಟಿದ ಕರಾರನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ ಕೊರತೆಯ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕೆಂದು 1957ರ ಕರ್ನಾಟಕ ಸ್ಟಾಂಪು ಕಾಯ್ದೆ ಹೇಳುತ್ತದೆ. ಒಂದು ವರ್ಷ ಮೀರಿದ ಬಾಡಿಗೆಯ ಕರಾರು ನೋಂದಣಿಯಾಗಲೇಬೇಕು. ಎಲ್ಲೆಲ್ಲೂ 11 ತಿಂಗಳ ಕರಾರು ಕಾಣುವುದು ಈ ಕಾರಣದಿಂದಲೇ. ನೋಟರಿಯ ಮೊಹರು ನೋಂದಣಿಗೆ ಸಮವಲ್ಲ ಎಂಬುದು ನೆನಪಿರಲಿ.

ಗುರುತಿನ ಚೀಟಿಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನೇ ಕೊಡಿ. ಪ್ರತಿಯ ಮೇಲೆ "ಬಾಡಿಗೆ ಕರಾರಿಗಾಗಿ ಮಾತ್ರ" ಎಂದು ಬರೆದು ದಿನಾಂಕ ಹಾಕಿ.

ಈಗಾಗಲೇ ಬಾಯಿಮಾತಿನಲ್ಲಿ ಇದ್ದೀರಾ?

ಗಾಬರಿಯಾಗಬೇಡಿ, ಆದರೆ ಮುಂದಿನ ತಿಂಗಳ ಬಾಡಿಗೆ ಕಟ್ಟುವವರೆಗೂ ಕಾಯಬೇಡಿ. ಒಳಬಾಡಿಗೆದಾರರು ಇಂದೇ ಒಂದು ಸಂದೇಶ ಕಳಿಸಿ: "ಇಂಥ ದಿನದಿಂದ ನಿಮ್ಮಿಂದ ಇಂಥ ಫ್ಲಾಟನ್ನು ತಿಂಗಳಿಗೆ ಇಷ್ಟು ಬಾಡಿಗೆಗೆ ಪಡೆದಿದ್ದೇನೆ, ಇಷ್ಟು ಅಡ್ವಾನ್ಸ್ ಕೊಟ್ಟಿದ್ದೇನೆ, ಇಂಥ ತಿಂಗಳವರೆಗೆ ಇರುವುದೆಂದು ಮಾತಾಗಿದೆ. ಸರಿಯಿದೆ ಎಂದು ತಿಳಿಸಿ." ಅವರು "ಹೌದು" ಎಂದರೂ ಸಾಕು, ಬಾಯಿಮಾತಿಗೆ ಮೊದಲ ಬಾರಿ ಒಂದು ಆಧಾರ ಸಿಗುತ್ತದೆ. ಎಲೆಕ್ಟ್ರಾನಿಕ್ ದಾಖಲೆಗಳನ್ನು ನಿಗದಿತ ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಒಪ್ಪಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅವಕಾಶವಿದೆ. ಆ ಸಂದೇಶಗಳನ್ನು ಅಳಿಸಬೇಡಿ, ಹೊಸ ಫೋನಿಗೆ ಬದಲಾಗುವಾಗ ಕಳೆದುಕೊಳ್ಳಬೇಡಿ.

ಇನ್ನು ಮುಂದೆ ನಗದು ಬೇಡ. ಹಣ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ "ಜುಲೈ ಬಾಡಿಗೆ, ಫ್ಲಾಟ್ 302" ಎಂಬಂತೆ ಬರೆಯಿರಿ. ಅದಾದ ಮೇಲೆ ಮಾಲೀಕರ ಒಪ್ಪಿಗೆ ಪಡೆಯುವ ಕಷ್ಟದ ಮಾತು. ಮೂಲ ಬಾಡಿಗೆದಾರರೇ ಆ ಮಾತನ್ನು ಎತ್ತಬೇಕು. ಮುಚ್ಚಿಟ್ಟದ್ದನ್ನು ತಾವಾಗಿ ಹೇಳಿದವರ ಮೇಲಿನ ಸಿಟ್ಟಿಗೂ, ವಾಚ್‌ಮನ್‌ನಿಂದ ತಿಳಿದಾಗಿನ ಸಿಟ್ಟಿಗೂ ಬಹಳ ಅಂತರವಿದೆ. ಬಾಡಿಗೆ ಸರಿಯಾಗಿ ಬರುತ್ತಿದ್ದು, ಒಳಗಿರುವವರ ಗುರುತು ಮತ್ತು ಕೆಲಸದ ವಿವರ ಸಿಕ್ಕರೆ ಮಾಲೀಕರಿಗೂ ಮನೆ ಖಾಲಿ ಬೀಳುವುದಕ್ಕಿಂತ ಇದೇ ಅನುಕೂಲ. ಅವರು ಒಪ್ಪದಿದ್ದರೆ ಒಳಬಾಡಿಗೆದಾರರಿಗೆ ಬೇರೆ ಮನೆ ಹುಡುಕಲು ಸಾಕಷ್ಟು ಸಮಯ, ಅಡ್ವಾನ್ಸ್ ಪೂರ್ತಿ ವಾಪಸ್. ಇದು ಮೂಲ ಬಾಡಿಗೆದಾರರ ಕರ್ತವ್ಯ.

ಜಗಳ ಬಂದಾಗ

ಅಡ್ವಾನ್ಸ್ ವಾಪಸ್ ಬರದಿದ್ದರೆ ಮೊದಲು ವಕೀಲರ ಮೂಲಕ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. "ಕೊಡ್ತೀನಿ, ಕೊಡ್ತೀನಿ" ಎಂಬ ಮಾತು ಕೇಳುತ್ತ ಅದನ್ನು ಕಳೆದುಕೊಳ್ಳಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಕಡಿಮೆಯಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ತೀರ್ಪಿನ ಬೆಲೆಯೇ ಇದೆ.

ಮನೆಯೇ ತನ್ನದಲ್ಲದವರು ಮಾಲೀಕರೆಂದು ಹೇಳಿಕೊಂಡು ಹಣ ಪಡೆದಿದ್ದರೆ, ಒಂದೇ ಮನೆಯನ್ನು ಹಲವರಿಗೆ ತೋರಿಸಿ ಟೋಕನ್ ಅಡ್ವಾನ್ಸ್ ಪಡೆದಿದ್ದರೆ ಅದು ಸಿವಿಲ್ ವ್ಯಾಜ್ಯವಷ್ಟೇ ಅಲ್ಲ, ವಂಚನೆಯ ಅಪರಾಧವೂ ಹೌದು. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಆನ್‌ಲೈನಿನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಕರಾರು ಕೇಳಿದರೆ ನಂಬಿಕೆಯಿಲ್ಲ ಎಂದಂತಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿ ಬಹಳ ಜನಕ್ಕಿದೆ. ಪರಿಚಯದವರಲ್ಲಿ ಕಾಗದ ಕೇಳಲು ನಾಲಿಗೆ ಏಳುವುದಿಲ್ಲ. ಆದರೆ ಮನೆಯ ಜಗಳದಲ್ಲಿ ಕಳೆದುಹೋಗುವುದು ದುಡ್ಡೊಂದೇ ಅಲ್ಲ. ಒಂದೂವರೆ ಲಕ್ಷದ ಅಡ್ವಾನ್ಸಿಗೆ ಹತ್ತು ವರ್ಷದ ಸ್ನೇಹ ಮುರಿದುಹೋಗುತ್ತದೆ. ಯಾರಿಗೆ ಎಷ್ಟು, ಎಂದು, ಹೇಗೆ ಎಂಬುದನ್ನು ಮೊದಲೇ ಬರೆದಿಟ್ಟರೆ ಆ ಸ್ನೇಹಕ್ಕೆ ಪರೀಕ್ಷೆಯೇ ಬರುವುದಿಲ್ಲ. ಹೀಗಾಗಿ ಫ್ಲಾಟ್ ಬಿಟ್ಟುಕೊಡುವವರಾಗಲಿ, ಬಂದು ಸೇರುವವರಾಗಲಿ, ಹಣ ಮತ್ತು ಬೀಗದ ಕೈ ಕೈ ಬದಲಾಗುವ ಮೊದಲು ಮಾಲೀಕರಿಗೆ ಒಂದು ಫೋನ್ ಮಾಡಿ. ಅವರು ಬೇಡವೆಂದರೆ ಆ ಮನೆ ಬಿಟ್ಟು ಮುಂದಿನದನ್ನು ನೋಡಿ. ಒಪ್ಪಿದರೆ ಒಂದು ಸಂಜೆ ಬಿಡುವು ಮಾಡಿಕೊಂಡು ಮೂವರೂ ಕೂತು ಓದಿ ಸಹಿ ಹಾಕಿ, ತಲಾ ಒಂದೊಂದು ಪ್ರತಿ ಇಟ್ಟುಕೊಳ್ಳಿ.